ಪತ್ತನಾಜೆಗೆ ಕಾಯದ ಮಳೆ: ಉರ್ವದ ಉತ್ಸವ ಸಮಿತಿಗಳಿಗೊಂದು ಬಹಿರಂಗ ಪತ್ರ

ಮಂಗಳೂರಿನ ಉರ್ವ, ಉರ್ವಸ್ಟೋರ್, ಚಿಲಿಂಬಿ, ಅಶೋಕನಗರ, ಬೋಳೂರು, ಬೊಕ್ಕಪಟ್ಣ, ಸುಲ್ತಾನ್ ಬತ್ತೇರಿ ಪರಿಸರದ ದೇವಸ್ಥಾನ, ದೈವಸ್ಥಾನ, ಭಜನಾ ಮಂದಿರಗಳ ಉತ್ಸವ ಸಮಿತಿಯವರಿಗೆ. ಚರ್ಚಿನ ಹಬ್ಬ, ದರ್ಗಾದ ಉರೂಸ್ ನಡೆಸುವವರಿಗೆ. ಹರಕೆಯ ಯಕ್ಷಗಾನ ಆಟ ಆಡಿಸುವ ಸೇವಾಕರ್ತರಿಗೆ. ಯುವಕ ಮಂಡಲ, ಮಹಿಳಾ ಮಂಡಲ, ಕ್ರೀಡಾ ಸಂಘದವರಿಗೆ. ಶಾಲಾ ವಾರ್ಷಿಕೋತ್ಸವದ ಹೊಣೆ ಹೊತ್ತ ಅಧ್ಯಾಪಕರಿಗೆ. ಶಾಮಿಯಾನ, ಲೈಟಿಂಗ್ಸ್, ಸೌಂಡ್ಸ್‌ನವರಿಗೆ,

ಮಾನ್ಯರೇ,



ಇದು ನಿಮಗೆ ಬಿಡುವಿಲ್ಲದ ಕಾಲ ಎಂದು ಬಲ್ಲೆ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟಲ್ಲಿಂದ, ಆಟ, ನೇಮಗಳಿಗೆ ತೆರೆ ಬೀಳುವ ಪತ್ತನಾಜೆಯವರೆಗೆ ನಮ್ಮ ಕಡೆ ಒಂದಲ್ಲ ಒಂದು ಮೈದಾನದಲ್ಲಿ, ಯಾರದೋ ಅಂಗಳದಲ್ಲಿ ಚಪ್ಪರ ಏಳುತ್ತಲೇ ಇರುತ್ತದೆ. ಆಟ, ನೇಮ, ಬ್ರಹ್ಮಕಲಶ, ಜಾತ್ರೆ, ಮದುವೆ, ಮೆಹಂದಿ, ಶಾಲೆಯ ವಾರ್ಷಿಕೋತ್ಸವ, ಕ್ರಿಕೆಟ್ ಟೂರ್ನಮೆಂಟು. ರಶೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿಳಿಯುವವರು ನೀವು. ರಾತ್ರಿ ಎಲ್ಲರೂ ಹೋದ ಮೇಲೆ ಕುರ್ಚಿ ಒಟ್ಟುವವರೂ ನೀವೇ. ಊರಿನ ಜನ ಒಂದೆಡೆ ಸೇರಿ, ಕೂತು, ಉಂಡು, ನಕ್ಕು ಹೋಗುವುದು ನಿಮ್ಮ ದುಡಿಮೆಯಿಂದ. ಆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಚಳಿ ಇನ್ನೂ ಪೂರ್ತಿ ಬಿಡದ, ಯಾರೂ ಮಳೆಯನ್ನು ನೆನೆಯದ ಈ ದಿನಗಳಲ್ಲಿ ಗಾಳಿಮಳೆಯ ಮುನ್ಸೂಚನೆ ಬಂದರೆ, ಬಯಲಿನ ಕಾರ್ಯಕ್ರಮವನ್ನು ಒಳಗೆ ಕೊಂಡೊಯ್ಯಿರಿ, ಆಗದಿದ್ದರೆ ಮುಂದೂಡಿ, ಅದೂ ಆಗದಿದ್ದರೆ ನಿಲ್ಲಿಸಿ. ಹಾಗೆ ಮಾಡುವ ತೀರ್ಮಾನವನ್ನು ಗಾಳಿ ಬೀಸಿದ ಮೇಲೆ ಅಲ್ಲ, ಬೀಸುವ ಮುಂಚೆ ತೆಗೆದುಕೊಳ್ಳಿ.

"ಫೆಬ್ರವರಿಯಲ್ಲಿ ಎಂಥ ಮಳೆ ಮಾರಾಯ್ರೆ?" ಎಂದು ನೀವು ಕೇಳಬಹುದು. ಕೇಳುವುದು ಸಹಜ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜನವರಿ, ಫೆಬ್ರವರಿ ಎರಡೂ ಸೇರಿದರೆ ಸರಾಸರಿ ಕೆಲವೇ ಮಿಲಿಮೀಟರ್. ನಮಗೆ ಮಳೆಯ ಅನುಭವ ಕಡಿಮೆ ಎಂದು ಯಾರೂ ಹೇಳಲಾರರು. ಆ ಅನುಭವವೇ ನಮ್ಮನ್ನು ಈ ತಿಂಗಳುಗಳಲ್ಲಿ ಮೈಮರೆಸುತ್ತದೆ ಎಂಬುದು ನನ್ನ ಅನಿಸಿಕೆ. ಚೌತಿಗೆ ಚಪ್ಪರ ಕಟ್ಟುವಾಗ ನಾವು ಮಳೆಗೇ ಕಟ್ಟುತ್ತೇವೆ. ಮೇಲೆ ತಗಡು ಬರುತ್ತದೆ, ನೀರು ಇಳಿಯಲು ಓರೆ ಬಿಡುತ್ತೇವೆ, ಸುತ್ತ ಕಣಿ ತೋಡುತ್ತೇವೆ, ವೈರುಗಳನ್ನು ಎತ್ತರದಲ್ಲಿ ಎಳೆಯುತ್ತೇವೆ. ಅದೇ ಮೈದಾನದಲ್ಲಿ ಅದೇ ಜನ ಮಾಘದಲ್ಲಿ ಕಟ್ಟುವ ಚಪ್ಪರ ಬರೀ ಬಿಸಿಲಿಗೆ, ಇಬ್ಬನಿಗೆ. ಬಟ್ಟೆ ಹಾಸಿದರೆ ಮುಗಿಯಿತು. ಗೂಟ ಅರ್ಧ ಇಳಿದರೆ ಸಾಕು. ಕೇಬಲ್ ಹುಲ್ಲಿನ ಮೇಲೇ ಹರಿದಿರುತ್ತದೆ. ಜೂನ್‌ನ ಮಳೆ ನಮ್ಮ ಸಿದ್ಧತೆಯ ಮೇಲೆ ಬೀಳುತ್ತದೆ. ಡಿಸೆಂಬರಿನಲ್ಲೋ ಫೆಬ್ರವರಿಯಲ್ಲೋ ಬಂದರೆ ಅದು ನೇರ ಜನರ ಮೇಲೆ ಬೀಳುತ್ತದೆ.

ಅಂಥ ಮಳೆ ಬಂದದ್ದಿದೆಯೇ? ಇದೆ, ಮತ್ತು ಹೆಚ್ಚು ಹಿಂದೆ ಹೋಗಬೇಕಾಗಿಲ್ಲ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಹತ್ತಿತು. ನಮಗೂ ಪುದುಚೇರಿಗೂ ನಡುವೆ ಇಡೀ ಪರ್ಯಾಯ ದ್ವೀಪವೇ ಇದೆ, ಪಶ್ಚಿಮ ಘಟ್ಟವಿದೆ. ಟಿವಿಯಲ್ಲಿ ಆ ಊರಿನ ರಸ್ತೆಗಳು ಮುಳುಗಿದ್ದನ್ನು ನೋಡಿ ಅಯ್ಯೋ ಎಂದುಕೊಂಡು ನಾವು ನಮ್ಮ ಕೆಲಸಕ್ಕೆ ಹೋದೆವು. ಚಂಡಮಾರುತ ನೆಲದ ಮೇಲೆ ಬಲ ಕಳೆದುಕೊಂಡಿತು, ಮಳೆ ಕಳೆದುಕೊಳ್ಳಲಿಲ್ಲ. ತಮಿಳುನಾಡಿನ ಒಳನಾಡಿನಲ್ಲಿ, ಸಮುದ್ರದಿಂದ ಬಹು ದೂರದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ, ಒಂದೇ ದಿನದಲ್ಲಿ ಅರ್ಧ ಮೀಟರಿನಷ್ಟು ನೀರು ಸುರಿಯಿತು. ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು ಮನೆಯೊಂದರಲ್ಲಿ ಮಕ್ಕಳೂ ಸೇರಿ ಏಳು ಜನ ಸತ್ತರು. ಆಮೇಲೆ ಅದರ ಶೇಷ ಘಟ್ಟ ದಾಟಿ ಡಿಸೆಂಬರ್ 3ಕ್ಕೆ ನಮ್ಮ ಕರಾವಳಿಯಾಚೆ ಅರಬ್ಬೀ ಸಮುದ್ರಕ್ಕೆ ಇಳಿಯಿತು. ದಾರಿಯಲ್ಲಿ ನಾವಿದ್ದೆವು. ದಕ್ಷಿಣ ಕನ್ನಡದಲ್ಲಿ ಆ ದಿನ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ರಜೆ ಸಾರಿದ್ದು ನಿಮಗೆಲ್ಲ ನೆನಪಿರಬಹುದು. ಡಿಸೆಂಬರಿನಲ್ಲಿ ಮಳೆಗೆ ರಜೆ!

ಆ ರಜೆಯ ಹಿಂದಿನ ಸಂಜೆ ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ಆಸುಪಾಸಿನಲ್ಲೇ ಒಂದು ಸೇವೆಯ ಆಟ. ಯಾರ ಮನೆಯದು, ಯಾವ ಮೇಳದ್ದು ಎಂಬುದು ಇಲ್ಲಿ ಬೇಡ, ಏಕೆಂದರೆ ಅಲ್ಲಿ ಆದದ್ದು ಯಾವ ಮನೆಯ ಅಂಗಳದಲ್ಲೂ ಆಗಬಹುದಿತ್ತು. ಮಧ್ಯಾಹ್ನವೇ ಮೋಡ ಕವಿದು ಸೆಕೆ ಹೆಚ್ಚಿತ್ತು. ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದಿತ್ತು. ಸೇವಾಕರ್ತರ ಸಂಕಟ ನೋಡುವಂತಿತ್ತು. ಅಡುಗೆ ಆಗಿದೆ, ನೆಂಟರು ಮುಂಬೈಯಿಂದ ಬಂದಿದ್ದಾರೆ, ಚೌಕಿಯಲ್ಲಿ ಕಲಾವಿದರು ಬಣ್ಣಕ್ಕೆ ಕೂತಾಗಿದೆ. "ದೇವರಿದ್ದಾರೆ, ನಡೆಯಲಿ" ಎಂದರು. ಪೂರ್ವರಂಗ ಕಳೆದು ಪ್ರಸಂಗ ಹಿಡಿದು ಸ್ವಲ್ಪ ಹೊತ್ತಿಗೆ ಗಾಳಿ ಬಂತು. ಮಳೆಗೆ ಮೊದಲು ಗಾಳಿ. ಹಿಂಬದಿಗೂ ಪಕ್ಕಕ್ಕೂ ಪರದೆ ಕಟ್ಟಿದ್ದರಿಂದ ಎದುರಿನಿಂದ ನುಗ್ಗಿದ ಗಾಳಿಗೆ ಹೊರಬೀಳಲು ದಾರಿಯಿರಲಿಲ್ಲ. ಶಾಮಿಯಾನ ದೋಣಿಯ ಹಾಯಿಯಂತೆ ಉಬ್ಬಿ ಒಂದು ಬದಿಯ ಕಂಬಗಳನ್ನು ನೆಲದಿಂದ ಎತ್ತಿತು. ಹೊರಗೆ ನಿಂತಿದ್ದವರು ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ನುಗ್ಗಿದರು, ಒಳಗಿದ್ದವರು ಕಂಬ ಅಲುಗಿದ್ದು ಕಂಡು ಹೊರಗೆ ಓಡಿದರು. ಎರಡು ಗುಂಪು ಬಾಗಿಲಲ್ಲಿ ಡಿಕ್ಕಿ ಹೊಡೆದವು. ಪ್ಲಾಸ್ಟಿಕ್ ಕುರ್ಚಿಗಳು ಕಾಲಿಗೆ ತೊಡರಿದವು. ಮೊದಲ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಅಮ್ಮಂದಿರು ಏಳಲಾರದೆ ಅಲ್ಲೇ ಉಳಿದರು.

ಆಗ ಜನರೇಟರ್ ಬಳಿ ಇದ್ದ ಹುಡುಗ, ಯಾರೂ ಹೇಳದೆ, ಕರೆಂಟ್ ಪೂರ್ತಿ ತೆಗೆದ. ಗಕ್ಕನೆ ಕತ್ತಲಾಯಿತು, ಎಲ್ಲರೂ ಬೈದರು. ಬೈಯುತ್ತಿದ್ದಂತೆಯೇ ಒಂದು ಲೈಟಿನ ಕಂಬ ಕೇಬಲ್ ಸಮೇತ ನೀರು ನಿಂತ ನೆಲಕ್ಕೆ ಬಿತ್ತು. ಜನ ಅದೇ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದರು. ಭಾಗವತರು ರಂಗಸ್ಥಳದಿಂದ ಇಳಿದು ಬಂದು ಆ ಹುಡುಗನ ಬೆನ್ನು ತಟ್ಟಿದ್ದನ್ನು ನಾನು ಮೊಬೈಲಿನ ಬೆಳಕಿನಲ್ಲಿ ಕಂಡೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟು ಜನರ ಜೀವ ಆ ಕ್ಷಣ ಒಬ್ಬ ಹುಡುಗನ ಸಮಯಪ್ರಜ್ಞೆಯ ಮೇಲೆ ನಿಂತಿತ್ತು ಎಂಬುದು ನನ್ನನ್ನು ಈಗಲೂ ಬಿಟ್ಟಿಲ್ಲ. ಅವನು ಚಹಾ ಕುಡಿಯಲು ಹೋಗಿದ್ದರೆ?

ಸಮಯಕ್ಕೆ ಕರೆಂಟ್ ನಿಲ್ಲದೆ ಹೋದ ಊರುಗಳಿವೆ. ರಾಜಸ್ಥಾನದಲ್ಲಿ ಆಗ ಬಾಡ್ಮೇರ್ ಜಿಲ್ಲೆಗೆ ಸೇರಿದ್ದ ಜಸೋಲ್‌ನಲ್ಲಿ 2019ರ ಜೂನ್ 23ರಂದು ರಾಮಕಥೆ ಕೇಳಲು ಕೂತಿದ್ದವರ ಮೇಲೆ ಬಿರುಗಾಳಿಗೆ ಪೆಂಡಾಲ್ ಕುಸಿಯಿತು. ಕನಿಷ್ಠ 14 ಜನ ಸತ್ತರು. ಅವರಲ್ಲಿ ಹಲವರನ್ನು ಕೊಂದದ್ದು ಕಂಬದ ಭಾರ ಅಲ್ಲ, ಒದ್ದೆಯಾದ ಚಪ್ಪರದಲ್ಲಿ ಹರಿದ ಕರೆಂಟು. ಅಲ್ಲಿಯೂ ಭಕ್ತಿಯಿತ್ತು, ಕಥೆ ಕೇಳಲು ಕೂತ ವಯಸ್ಸಾದವರಿದ್ದರು.

ಇನ್ನೊಂದು ಸಂಗತಿ ನೆನಪಿಸುತ್ತೇನೆ. 2021ರ ಮೇ ತಿಂಗಳ ಮಧ್ಯಭಾಗದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಉದ್ದಕ್ಕೂ ಸವರಿಕೊಂಡು ಹೋಯಿತು. ಉಳ್ಳಾಲ, ಸೋಮೇಶ್ವರದಲ್ಲಿ ಕಡಲು ಮನೆಗಳಿಗೆ ನುಗ್ಗಿತು. ಮೂಲ್ಕಿ ಸಮೀಪದ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್‌ನಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಪಾರುಮಾಡಿದವು. ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ಪತ್ರಿಕೆಗಳಲ್ಲಿ ನಾನು ಕಾಣದ ಒಂದು ಮಾತಿದೆ. ಆ ದಿನಗಳಲ್ಲಿ ಕೊರೋನಾ ಲಾಕ್‌ಡೌನ್ ಇತ್ತು. ಉರ್ವ ಮೈದಾನ ಖಾಲಿ, ದೇವಸ್ಥಾನದ ಅಂಗಳ ಖಾಲಿ, ಮದುವೆಗಳು ಮನೆಯೊಳಗೆ. ಪತ್ತನಾಜೆಗೆ ಇನ್ನೂ ವಾರಕ್ಕಿಂತ ಹೆಚ್ಚು ದಿನ ಬಾಕಿಯಿತ್ತು. ಬೇರೆ ಯಾವ ವರ್ಷವಾದರೂ ಆ ರಾತ್ರಿಗಳಲ್ಲಿ ಈ ಜಿಲ್ಲೆಯ ಮೂಲೆಮೂಲೆಯಲ್ಲಿ ಕೊನೆಯ ಸುತ್ತಿನ ಆಟಗಳು, ನೇಮಗಳು, ಮದುವೆಯ ಔತಣಗಳು ನಡೆಯುತ್ತಿದ್ದವು. ಅಂಥ ಗಾಳಿ ನಮ್ಮ ಚಪ್ಪರಗಳನ್ನು ಇನ್ನೂ ಪರೀಕ್ಷೆ ಮಾಡಿಲ್ಲ, ಅಷ್ಟೇ.

ಕಡಲು ಬದಲಾಗಿದೆ. ಅರಬ್ಬೀ ಸಮುದ್ರ ಹಿಂದೆ ಚಂಡಮಾರುತಕ್ಕೆ ಅಷ್ಟಾಗಿ ಹೆಸರಾದದ್ದಲ್ಲ. ಬಂಗಾಳ ಕೊಲ್ಲಿಯದೇ ಆ ಹೆಸರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಸೇರಿದಂತೆ ಹಲವು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಏರಿದೆ. ನೀರು ಬಿಸಿಯಾದಷ್ಟೂ ಆವಿ ಹೆಚ್ಚು, ಆವಿ ಹೆಚ್ಚಿದಷ್ಟೂ ಬಿರುಗಾಳಿಗೆ ಬಲ ಹೆಚ್ಚು. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಬಂತು. ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮರಳಲಿಲ್ಲ, ಇಲ್ಲಿ ಉಳ್ಳಾಲದ ದಡವೂ ಪೆಟ್ಟು ತಿಂದಿತು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂತು. 2021ರ ಜನವರಿ ಮೊದಲ ವಾರ, ಯಾವ ಚಂಡಮಾರುತದ ಹೆಸರೂ ಇಲ್ಲದೆ, ಗುಡುಗಿನೊಂದಿಗೆ ಅಕಾಲ ಮಳೆ ಸುರಿದು ಅಂಗಳದ ಅಡಿಕೆ ತೋಯ್ದದ್ದನ್ನು ಹಳ್ಳಿಯ ಕಡೆ ನೆಂಟರಿರುವವರೆಲ್ಲ ಕೇಳಿರುತ್ತೀರಿ. ಅದೇ ವರ್ಷದ ಫೆಬ್ರವರಿಯಲ್ಲಿ ಕೊಡಗಿನ ಶನಿವಾರಸಂತೆ ಸುತ್ತಮುತ್ತ ಆಲಿಕಲ್ಲು ಬಿದ್ದು ನೆಲ ಬೆಳ್ಳಗಾಯಿತು.

ನಮ್ಮ ಹಿರಿಯರು ಮಳೆಯನ್ನು ಎದುರುಹಾಕಿಕೊಂಡು ಉತ್ಸವ ಮಾಡಿದವರಲ್ಲ. ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ ಎಂದು ಗೆರೆ ಎಳೆದರು. ಅಂದಿಗೆ ಗೆಜ್ಜೆ ಬಿಚ್ಚಬೇಕು, ನೇಮ ನಿಲ್ಲಬೇಕು, ದೈವದ ಭಂಡಾರ ಒಳಗೆ ಹೋಗಬೇಕು. ಮೇಳ ದೊಡ್ಡದು, ಹರಕೆ ದೊಡ್ಡದು, ಬಂದ ಜನ ಹೆಚ್ಚು ಎಂದು ಯಾರಿಗೂ ವಿನಾಯಿತಿ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಜನ ಹೊಲಕ್ಕೆ ಇಳಿಯಬೇಕು ಎಂಬುದು ಒಂದು ಕಾರಣ. ಬಯಲಿನಲ್ಲಿ ಜನರನ್ನು ಮಳೆಗೆ ಒಡ್ಡಬಾರದು ಎಂಬುದೂ ಅದರೊಳಗೇ ಇದೆ ಎಂದು ನಾನು ನಂಬಿದ್ದೇನೆ. ದೈವದ ಎದುರೇ ನಿಲ್ಲಿಸುವುದನ್ನು ಕಲಿಸಿದ ಸಂಪ್ರದಾಯ ನಮ್ಮದು. ಹಾಗಿರುವಾಗ ಗಾಳಿಮಳೆಯ ಎಚ್ಚರಿಕೆಗೆ ಒಂದು ರಾತ್ರಿಯ ಕಾರ್ಯಕ್ರಮ ನಿಲ್ಲಿಸಿದರೆ ದೇವರಿಗೆ ಅಪಚಾರವಾಯಿತು, ಸಮಿತಿಯ ಮಾನ ಹೋಯಿತು ಎಂದು ಅಳುಕಬೇಕಾಗಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕಟೀಲು ಮೇಳದ ಆಟಕ್ಕೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮಿಕ್ಕಿ ಕಾದ ಮನೆಗಳಿವೆ. ಆ ದಿನ ತಪ್ಪಿದರೆ ಇನ್ನೆಂದು? ಬ್ರಹ್ಮಕಲಶದ ಮುಹೂರ್ತವನ್ನು ಮೋಡ ನೋಡಿ ಬದಲಿಸಲಾಗದು. ಸಾಲ ಮಾಡಿ ಮದುವೆ ಮಾಡುವ ತಂದೆಗೆ ಶಾಮಿಯಾನದ ಮುಂಗಡವೂ ದೊಡ್ಡದೇ. ಆದರೆ ನೋಡಿ, ಮುಹೂರ್ತ ಇರುವುದು ಕಲಶಾಭಿಷೇಕಕ್ಕೆ. ಧಾರ್ಮಿಕ ಸಭೆಗೆ, ಸನ್ಮಾನಕ್ಕೆ, ರಸಮಂಜರಿಗೆ ಮುಹೂರ್ತ ಇಲ್ಲ. ಪೂಜೆ ಗುಡಿಯೊಳಗೆ ಹೊತ್ತಿಗೆ ಸರಿಯಾಗಿ ನಡೆಯಲಿ. ಸಾವಿರ ಜನ ಬಯಲಿನಲ್ಲಿ ಕೂರುವ ಭಾಗವನ್ನು ಮಾತ್ರ ಬೇರೆ ಮಾಡಿ. ಆಟದ ವಿಷಯದಲ್ಲೂ, ಮಳೆ ಬಂದರೆ ಏನು ಮಾಡುವುದು, ಸೇವೆ ಸಂದಂತೆ ಆಗಲು ಎಷ್ಟು ನಡೆಯಬೇಕು, ಸಭಾಭವನದೊಳಗೆ ಆಡಬಹುದೇ ಎಂದು ಮೇಳದ ಮ್ಯಾನೇಜರರ ಬಳಿ, ಅರ್ಚಕರ ಬಳಿ ವೀಳ್ಯ ಕೊಡುವ ದಿನವೇ ಕೇಳಿಡಿ. ಗಾಳಿ ಬಂದ ಮೇಲೆ ಚೌಕಿಯಲ್ಲಿ ನಿಂತು ಕೇಳಿದರೆ ಯಾರಿಗೂ ಉತ್ತರ ತೋಚದು.

ಒಳಗೆ ಹೋಗಲು ಜಾಗವಿಲ್ಲ ಎನ್ನುವಂತಿಲ್ಲ, ಈ ವಿಷಯದಲ್ಲಿ ನಮ್ಮ ಪರಿಸರ ಅದೃಷ್ಟವಂತ. ಉರ್ವಸ್ಟೋರಿನಲ್ಲಿ ತುಳು ಭವನವಿದೆ, ಅಂಬೇಡ್ಕರ್ ಭವನವಿದೆ. ಶಾಲೆಗಳ, ಚರ್ಚುಗಳ, ದೇವಸ್ಥಾನಗಳ ಸಭಾಂಗಣಗಳಿವೆ. ನಿಮ್ಮ ಕಾರ್ಯಕ್ರಮದ ದಿನಕ್ಕೆ ಇವುಗಳಲ್ಲಿ ಯಾವುದು ಖಾಲಿಯಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಸಭಾಂಗಣದ ಆಡಳಿತದವರಲ್ಲಿಯೂ ನನ್ನ ವಿನಂತಿ: ಬೇರೆ ಬುಕಿಂಗ್ ಇಲ್ಲದಿದ್ದರೆ ಮಳೆಯ ಎಚ್ಚರಿಕೆಯ ದಿನ ನೆರೆಯ ಸಮಿತಿಗೆ ಬಾಗಿಲು ತೆರೆಯಿರಿ, ಬಾಡಿಗೆಯ ಮಾತು ಆಮೇಲೆ ಆಡೋಣ. ದೇವಸ್ಥಾನದ ಆಟ ಶಾಲೆಯೊಳಗೆ ನಡೆದರೆ, ಚರ್ಚಿನ ಹಬ್ಬಕ್ಕೆ ಬಂದವರು ಪಕ್ಕದ ಭಜನಾ ಮಂದಿರದ ಜಗಲಿಯಲ್ಲಿ ನಿಂತರೆ ಈ ಊರಿಗೆ ಅದು ಹೊಸತೇನೂ ಅಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರ, ಅತಿಥಿಗಳ ಹೆಸರುಗಳ ಕೆಳಗೆ ಒಂದು ಸಾಲಿಗೆ ಜಾಗ ಮಾಡಿ: "ಗಾಳಿಮಳೆಯ ಎಚ್ಚರಿಕೆ ಇದ್ದಲ್ಲಿ ಕಾರ್ಯಕ್ರಮ ಇಂಥ ಸಭಾಂಗಣದಲ್ಲಿ." ಅಷ್ಟು ಅಚ್ಚಾದರೆ ಆ ದಿನ ಯಾರಿಗೂ ನಾಚಿಕೆಯಿಲ್ಲ, ಗೊಂದಲವಿಲ್ಲ.

ಸಮಿತಿಯಲ್ಲಿ ಊಟೋಪಚಾರಕ್ಕೆ ಒಬ್ಬರು, ವೇದಿಕೆಗೆ ಒಬ್ಬರು, ಪಾರ್ಕಿಂಗ್‌ಗೆ ಒಬ್ಬರು ಇರುತ್ತಾರಲ್ಲ, ಹಾಗೆಯೇ ಹವಾಮಾನಕ್ಕೂ ಒಬ್ಬರನ್ನು ನೇಮಿಸಿ. ಮೊಬೈಲ್ ಬಳಸಲು ಬಲ್ಲ ಕಾಲೇಜು ಹುಡುಗಿಯೋ ಹುಡುಗನೋ ಸಾಕು. ಐದು ದಿನ ಮುಂಚಿನಿಂದ ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡುತ್ತಿರಲಿ. ಕಾರ್ಯಕ್ರಮದ ದಿನ ಮುಂದಿನ ಮೂರು ಗಂಟೆಗಳಿಗೆಂದು ಕೊಡುವ ತುರ್ತು ಮುನ್ಸೂಚನೆಯನ್ನು ಬಂದಂತೆಲ್ಲ ಓದಲಿ. ಸಿಡಿಲಿಗೆ 'ದಾಮಿನಿ' ಆ್ಯಪ್ ಇದೆ. ಬಣ್ಣಗಳ ಅರ್ಥ ಎಲ್ಲರಿಗೂ ತಿಳಿದಿರಲಿ: ಯೆಲ್ಲೋ ಅಲರ್ಟ್ ಎಂದರೆ ಗಮನವಿಡಿ, ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಕ್ರಮ ಕೈಗೊಳ್ಳಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ. ಆರೆಂಜ್ ಬಂದ ಮೇಲೆ ಬಯಲಿನಲ್ಲಿ ಕಾರ್ಯಕ್ರಮ ಬೇಡ. ಇದನ್ನು ಸಮಿತಿಯ ಸಭೆಯಲ್ಲಿ ಮುಂಚೆಯೇ ನಿರ್ಣಯ ಮಾಡಿ ಬರೆದಿಡಿ. ಮತ್ತು ತೀರ್ಮಾನ ಹೇಳುವವರು ಒಬ್ಬರೇ ಇರಲಿ, ಮಧ್ಯಾಹ್ನದೊಳಗೆ ಹೇಳಲಿ. ಹತ್ತು ಜನ ಸೇರಿ ಚರ್ಚಿಸಲು ಕೂತರೆ ಸಂಜೆಯಾಗುತ್ತದೆ, ಅಷ್ಟರಲ್ಲಿ ಜನ ಬಂದು ಕೂತಿರುತ್ತಾರೆ.

ಹಳದಿ ಎಚ್ಚರಿಕೆಯಲ್ಲಿ ನಡೆಸುವುದಾದರೆ, ಅಥವಾ ಎಚ್ಚರಿಕೆಯೇ ಇಲ್ಲದೆ ಮೋಡ ಏರಿದರೆ? ಶಾಮಿಯಾನದವರೇ, ಈ ಮಾತು ಹೆಚ್ಚಾಗಿ ನಿಮಗೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಫ್ಲೆಕ್ಸ್ ಒಂದರ ಮೇಲೆ ಸುಮಾರು 300 ಕಿಲೋದಷ್ಟು ಬಲ ಹಾಕುತ್ತದೆ. ಸರ್ವೆ ಕೋಲಿನ ಚೌಕಟ್ಟಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಚಪ್ಪರದ ಬಟ್ಟೆ ಜೋತು ಒಂದು ಚದರ ಮೀಟರಿನಲ್ಲಿ ಬರೇ ಹತ್ತು ಸೆಂಟಿಮೀಟರ್ ನೀರು ನಿಂತರೂ ಕೆಳಗೆ ಕೂತವರ ತಲೆಯ ಮೇಲೆ 100 ಕಿಲೋ ತೂಗುತ್ತದೆ. ಆದ್ದರಿಂದ ಓರೆ ಬಿಟ್ಟು ಬಿಗಿಯಾಗಿ ಕಟ್ಟಿ, ಗೂಟ ಪೂರ್ತಿ ಇಳಿಸಿ, ಗಾಳಿ ಶುರುವಾದ ಕೂಡಲೇ ಬದಿಯ ಪರದೆಗಳನ್ನು ಬಿಚ್ಚುವಂತೆ ಕಟ್ಟಿರಿ. ಮೆಸ್ಕಾಂನ ವಿದ್ಯುತ್ ಕಂಬಕ್ಕೆ ಹಗ್ಗ ಬಿಗಿಯಬೇಡಿ. ಕಾಯಿ, ಒಣ ಮಡಲು ಇರುವ ತೆಂಗಿನ ಮರದಡಿ ಮಕ್ಕಳ ಸಾಲು ಹಾಕಬೇಡಿ. ಕೇಬಲ್ ನೆಲ ಬಿಟ್ಟು ಮೇಲೆ ಹರಿಯಲಿ, ಜೋಡಣೆಗಳು ಒಣಗಿರಲಿ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಸ್ವಿಚ್ಚನ್ನು ಬಾಡಿಗೆಯ ಪಟ್ಟಿಯಲ್ಲಿ ಕಡ್ಡಾಯ ಮಾಡಿ. ಮೈನ್ ಸ್ವಿಚ್ಚಿನ ಬಳಿ ಒಬ್ಬರು ಇರಲೇಬೇಕು. ಅವರಿಗೆ ಯಾರ ಅಪ್ಪಣೆಯೂ ಇಲ್ಲದೆ ಕರೆಂಟ್ ತೆಗೆಯುವ ಅಧಿಕಾರವಿರಲಿ, ತೆಗೆದದ್ದಕ್ಕೆ ಬೈಗುಳ ಬೇಡ. ಬ್ಯಾಟರಿಯ ಕೆಲವು ದೀಪಗಳು, ಕೈಯಲ್ಲಿ ಹಿಡಿಯುವ ಒಂದು ಬ್ಯಾಟರಿ ಮೈಕು ಇದ್ದರೆ ಕತ್ತಲಲ್ಲಿ ನೂಕುನುಗ್ಗಲು ಆಗದು. ಸಿಡಿಲು ಇರುವಾಗ ಕಬ್ಬಿಣದ ಕಂಬಗಳ ಚಪ್ಪರ ಆಸರೆಯಲ್ಲ. ಜನರನ್ನು ಪಕ್ಕಾ ಕಟ್ಟಡದೊಳಗೆ ಕಳಿಸಬೇಕು. ಮೊದಲು ಹಿರಿಯರನ್ನೂ ಎಳೆಮಕ್ಕಳ ತಾಯಂದಿರನ್ನೂ ಎಬ್ಬಿಸಿ.

ಫ್ಲೆಕ್ಸ್‌ಗಳ ಬಗ್ಗೆ ಇನ್ನೊಂದು ಮಾತು. ಲೇಡಿಹಿಲ್‌ನಿಂದ ಉರ್ವಸ್ಟೋರಿನವರೆಗೆ ನಡೆದುಹೋದರೆ ಈ ತಿಂಗಳುಗಳಲ್ಲಿ ಶುಭ ಕೋರುವ ಎಷ್ಟು ಮುಖಗಳು ನಮ್ಮನ್ನು ನೋಡುತ್ತವೆ! ರಸ್ತೆಗೆ ಅಡ್ಡಲಾಗಿ ಸ್ವಾಗತ ಕಮಾನು, ಡಿವೈಡರಿನ ಉದ್ದಕ್ಕೂ ಬಂಟಿಂಗ್ಸ್. ಮುಂಬೈಯ ಘಾಟ್ಕೋಪರಿನಲ್ಲಿ 2024ರ ಮೇ 13ರಂದು ಬಿರುಗಾಳಿಗೆ ಉಕ್ಕಿನ ಹೋರ್ಡಿಂಗ್ ಬಿದ್ದು 17 ಜನ ಸತ್ತರು; ಅದು ಬೃಹತ್ತಾದುದು, ನಮ್ಮದು ಸಣ್ಣದು. ಆದರೆ ಸ್ಕೂಟರಿನಲ್ಲಿ ಹೋಗುವವರ ಮುಖಕ್ಕೆ ಬಡಿಯಲು ಸಣ್ಣದೂ ಸಾಕು. ಎಚ್ಚರಿಕೆ ಬಂದ ದಿನ ಅವುಗಳನ್ನು ಬಿಚ್ಚಿಡಿ. ಕಾರ್ಯಕ್ರಮ ಮುಗಿದ ಮರುದಿನವೂ ಬಿಚ್ಚಿ. ಕಟ್ಟುವಾಗ ಇರುವ ಉತ್ಸಾಹ ಬಿಚ್ಚುವಾಗಲೂ ಇರಲಿ ಎಂದು ಕೈಮುಗಿದು ಕೇಳುತ್ತೇನೆ.

ತೋಡುಗಳನ್ನು ಮುಚ್ಚಬೇಡಿ. ವಾಹನ ನಿಲ್ಲಿಸಲು ಚರಂಡಿಗೆ ಮಣ್ಣು ತುಂಬಿ ದಾರಿ ಮಾಡುತ್ತೇವೆ, ಆಮೇಲೆ ಜೂನ್‌ವರೆಗೆ ಯಾರೂ ಅತ್ತ ನೋಡುವುದಿಲ್ಲ. ಸಂತರ್ಪಣೆಯ ತಟ್ಟೆ, ಲೋಟ, ನೀರಿನ ಬಾಟಲಿಗಳು ಅದರಲ್ಲೇ ಸೇರುತ್ತವೆ. ಚರಂಡಿಯ ಹೂಳೆತ್ತುವ ಕೆಲಸ ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ನಡೆಯುತ್ತದೆ; ಫೆಬ್ರವರಿಯಲ್ಲಿ ಅವು ತುಂಬಿಯೇ ಇರುತ್ತವೆ. ಕೊಟ್ಟಾರ ಚೌಕಿಯ ಅನುಭವ ನಮಗೆ ದೂರದ್ದಲ್ಲ: 2018ರ ಮೇ 29ರಂದು ಕೆಲವೇ ಗಂಟೆಗಳ ಮಳೆಗೆ ನಗರ ನೀರಿನಲ್ಲಿ ನಿಂತಿತು. ಅಂದು ಮೇ ಕೊನೆ, ಎಲ್ಲರೂ ಮಳೆಯನ್ನು ಎದುರುನೋಡುತ್ತಿದ್ದ ಕಾಲ. ಚರಂಡಿ ತುಂಬಿರುವ ಫೆಬ್ರವರಿಯಲ್ಲಿ ಅಂಥ ಮಳೆ ಬಂದರೆ?

ಬೋಳೂರು, ಸುಲ್ತಾನ್ ಬತ್ತೇರಿಯ ಸಮಿತಿಯವರಿಗೆ ವಿಶೇಷವಾಗಿ ಒಂದು ಮಾತು. ನಿಮ್ಮಲ್ಲಿಗೆ ಗುರುಪುರ ನದಿಯ ಆಚೆಯಿಂದ, ಬೆಂಗ್ರೆ, ತಣ್ಣೀರುಬಾವಿ ಕಡೆಯಿಂದ ದೋಣಿ ದಾಟಿ ಬರುವವರಿದ್ದಾರೆ. ಕಡಲಿನ ಗಾಳಿಯನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಮೊಗವೀರ ಹಿರಿಯರು ಆಕಾಶ ನೋಡಿ "ಇಂದು ಬೇಡ" ಎಂದರೆ ದೋಣಿ ಇಳಿಯುವುದಿಲ್ಲ. ಆ ಮಾತಿಗೆ ಮೈಕಿನ ಬಳಿಯೂ ಅಷ್ಟೇ ಬೆಲೆ ಕೊಡಿ. ಗಾಳಿಯ ಎಚ್ಚರಿಕೆ ಇದ್ದರೆ ಆಚೆ ದಡದವರಿಗೆ ಮೊದಲೇ ಫೋನು ಮಾಡಿ ಬರುವುದು ಬೇಡವೆನ್ನಿ. ಬಂದಾಗಿದ್ದರೆ ಆ ರಾತ್ರಿ ಈಚೆಯೇ ಉಳಿಯಲು ಚಾಪೆ, ಊಟದ ವ್ಯವಸ್ಥೆ ಮಾಡಿ.

ಇನ್ನು ದುಡ್ಡಿನ ವಿಷಯ. ಕಾರ್ಯಕ್ರಮ ನಿಲ್ಲಿಸಲು ಹಿಂಜರಿಯುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ನಿಂತ ಆಟಕ್ಕೂ ಕಲಾವಿದರು ಬಣ್ಣ ಹಚ್ಚಿರುತ್ತಾರೆ, ಲಾರಿಯಿಂದ ಪೆಟ್ಟಿಗೆ ಇಳಿಸಿದವರು ಬೆವರು ಸುರಿಸಿರುತ್ತಾರೆ. ಅಡುಗೆಯವರು ನಸುಕಿಗೆ ಎದ್ದಿರುತ್ತಾರೆ. ಶಾಮಿಯಾನ ಕಟ್ಟಿದ ಹುಡುಗರಲ್ಲಿ ಹಲವರು ದೂರದ ಊರುಗಳಿಂದ ದಿನಗೂಲಿಗೆ ಬಂದವರು. ಮಳೆಯ ನೆಪದಲ್ಲಿ ಅವರ ಸಂಬಳ ಹಿಡಿಯಬೇಡಿ. ಹಿಡಿದರೆ, ಮುಂದಿನ ಸಲ ಗೂಟ ಸಡಿಲವಿದ್ದರೂ "ಪರವಾಗಿಲ್ಲ, ನಡೆಯಲಿ" ಎನ್ನುವವರು ಅವರೇ ಆಗುತ್ತಾರೆ. ವಂತಿಗೆ ಎತ್ತುವಾಗಲೇ ಒಂದು ಪಾಲನ್ನು ಮಳೆನಿಧಿ ಎಂದು ಬದಿಗಿಡಿ, ಮಳೆ ಬಾರದಿದ್ದರೆ ಮುಂದಿನ ವರ್ಷಕ್ಕೆ ಉಳಿಯಲಿ. ಆ ಬಾಬತ್ತಿಗೆ ಎಂದು ಹೇಳಿ ಕೇಳಿದರೆ ಇಲ್ಲ ಎನ್ನುವ ಮನೆ ಉರ್ವದಲ್ಲಿ ಸಿಗಲಾರದು. ಬೇಯಿಸಿದ ಅನ್ನ ಹಾಳಾಗುತ್ತದೆಂಬ ಚಿಂತೆಯೂ ಬೇಡ. ಗಾಳಿಮಳೆಯ ರಾತ್ರಿ ಕೆಲಸ ತಪ್ಪಿದವರು, ಬಾಡಿಗೆ ಕೋಣೆಗಳ ಕೂಲಿಕಾರರು, ಬಸ್ ಸಿಗದೆ ನಿಂತವರು ಎಷ್ಟೋ ಜನ ಇರುತ್ತಾರೆ. ಅವರಿಗೆ ಬಡಿಸಿದ್ದೂ ಸಂತರ್ಪಣೆಯೇ.

ಪ್ರೇಕ್ಷಕನಾಗಿ ನನ್ನ ಪಾಲಿನ ಮಾತನ್ನೂ ಕೊಡುತ್ತೇನೆ. ನೀವು ನಿಲ್ಲಿಸಿದ ರಾತ್ರಿ ನಾನು ಗೊಣಗುವುದಿಲ್ಲ. "ಎರಡು ಹನಿ ಮಳೆಗೆ ಹೆದರಿದರು" ಎಂದು ಮರುದಿನ ಹೋಟೆಲಿನಲ್ಲಿ ಆಡಿಕೊಳ್ಳುವವರ ಎದುರು ನಿಮ್ಮ ಪರ ನಿಲ್ಲುತ್ತೇನೆ. ಮುನ್ಸೂಚನೆ ಸುಳ್ಳಾಗಿ ಆಕಾಶ ತಿಳಿಯಾಗಿ ನಕ್ಷತ್ರ ಕಂಡರೂ ಸರಿ, ನಿಮ್ಮ ತೀರ್ಮಾನ ಸರಿಯಾಗಿತ್ತು ಎಂದೇ ಹೇಳುತ್ತೇನೆ. ಈ ಪತ್ರ ಓದುತ್ತಿರುವ ಇತರರೂ ಹಾಗೆಯೇ ಮಾಡಬೇಕೆಂದು ಕೋರುತ್ತೇನೆ, ಏಕೆಂದರೆ ಸಮಿತಿಯವರು ಗಾಳಿಗಿಂತ ಹೆಚ್ಚು ಹೆದರುವುದು ನಮ್ಮ ನಾಲಗೆಗೆ.

ಮುಂದಿನ ಕಾರ್ಯಕ್ರಮದ ಪೂರ್ವಭಾವಿ ಸಭೆಯ ವಿಷಯಪಟ್ಟಿಯಲ್ಲಿ 'ಗಾಳಿಮಳೆ' ಎಂದು ಒಂದು ವಿಷಯ ಸೇರಿಸಿ, ಹವಾಮಾನದ ಹೊಣೆಗೆ ಒಂದು ಹೆಸರು, ಬದಲಿ ಸಭಾಂಗಣಕ್ಕೆ ಒಂದು ಹೆಸರು, ಸ್ವಿಚ್ಚಿನ ಬಳಿ ನಿಲ್ಲುವವರ ಹೆಸರು ಬರೆದುಕೊಳ್ಳಿ. ವಿದ್ಯುತ್ ಅಪಾಯಕ್ಕೆ ಮೆಸ್ಕಾಂನ 1912, ವಿಪತ್ತಿಗೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತಿಗೆ 112: ಈ ಮೂರು ಸಂಖ್ಯೆಗಳು ಸ್ವಯಂಸೇವಕರ ಬ್ಯಾಡ್ಜಿನ ಹಿಂಬದಿಯಲ್ಲಿ ಅಚ್ಚಾಗಿರಲಿ. ಸ್ವಯಂಸೇವಕನಾಗಿ ನನ್ನನ್ನು ಕರೆದರೆ ಸ್ವಿಚ್ಚಿನ ಬಳಿಯ ಕೆಲಸವನ್ನೇ ಕೊಡಿ, ಸಂತೋಷದಿಂದ ಬರುತ್ತೇನೆ.



ತಮ್ಮ ವಿಶ್ವಾಸಿ,
ಉರ್ವದ ಒಬ್ಬ ನಿವಾಸಿ, ಯಕ್ಷಗಾನದ ಹಳೆಯ ಪ್ರೇಕ್ಷಕ
ಮಂಗಳೂರು